ಸಣ್ಣಮಾದಯ್ಯನವರ ಅಚ್ಚು

ತನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ಪದ್ಮಾವತಿ ಇಡ್ಲಿಯ ಮಾತು ತೆಗೆಯುತ್ತಿದ್ದಳು. "ಇಡ್ಲಿ ಬೆಂದ್ಮೇಲೆ ತಟ್ಟೆಯಿಂದ ಬಿಡಿಸ್ತೀವಲ್ಲ, ಅಂಗೇ ಕಣ್ರೀ. ಆದ್ರೆ ನಮ್ ಇಡ್ಲಿ ಗಾಜಿನ ಮೇಲೆ ಬೇಯ್ತದೆ. ಬಿಡಿಸ್ಕೊಂಡ್ಮೇಲೆ ಅದರ ತಳದಲ್ಲಿ ನಿಮ್ ಮುಖ ಕಾಣ್ಬೇಕು." ಕೇಳಿದವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆದರೆ ಹಿನಕಲ್ಲಿನ ಮನೆಯಿಂದ ಹೊರಟು ಕಾರ್ಖಾನೆಯ ಒಳಕೋಣೆ ಸೇರಿ, ಕೈಗವಸು ಹಾಕಿಕೊಂಡು ಮೇಜಿನ ಮುಂದೆ ಕೂತಳೆಂದರೆ ಅವಳನ್ನು ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಹಿಂದಿನ ಸಾಲಿನಲ್ಲಿ, ಮೂವತ್ತು ಚಿಲ್ಲರೆ ಜನ ದುಡಿಯುವ ಕಾರ್ಖಾನೆ ಅದು. ಅಲ್ಲಿ ತಯಾರಾಗುತ್ತಿದ್ದುದು ಅಂಗೈಯಗಲದ, ಒಳಕ್ಕೆ ಬಾಗಿದ ಕನ್ನಡಿಗಳು. ರಕ್ತ ಪರೀಕ್ಷೆಯ ಯಂತ್ರಗಳ ಹೊಟ್ಟೆಯಲ್ಲಿ ಕೂತು ಬೆಳಕನ್ನೆಲ್ಲ ಒಂದು ಚುಕ್ಕೆಗೆ ತಂದು ಕೂಡಿಸುವುದು ಅವುಗಳ ಕೆಲಸ. ಒಂದೊಂದನ್ನೂ ಕೈಯಲ್ಲಿ ಉಜ್ಜುತ್ತ ಕೂತರೆ ತಿಂಗಳಿಗೊಂದು ಆದೀತು. ಅದಕ್ಕೇ ಅಚ್ಚು. ಹೊರಕ್ಕೆ ಉಬ್ಬಿದ ಗಾಜಿನ ಅಚ್ಚೊಂದನ್ನು ಒಂದಿಷ್ಟೂ ಏರುಪೇರಿಲ್ಲದಂತೆ ನಯ ಮಾಡಿ ಇಟ್ಟುಕೊಂಡರೆ ಮುಗಿಯಿತು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಅದರ ಮೇಲೆ ಅಲ್ಯೂಮಿನಿಯಂನ ತೆಳುಪೊರೆ ಹಿಡಿಸಿ, ಒಂದಿಷ್ಟು ಅಂಟು ಸುರಿದು, ಒರಟಾಗಿ ಕಡೆದ ಲೋಹದ ಬಿಲ್ಲೆಯೊಂದನ್ನು ಮೇಲಿಟ್ಟು ಮೂರ್ನಾಲ್ಕು ಗಂಟೆ ಬಿಟ್ಟರೆ, ಅಚ್ಚಿನ ಬಾಗೆಲ್ಲ ಬಿಲ್ಲೆಗೆ ಇಳಿದಿರುತ್ತದೆ. ಹೊಳೆಯುವ ಪೊರೆಯೂ ಅದಕ್ಕೇ ಹತ್ತಿಕೊಂಡಿರುತ್ತದೆ. ಆಮೇಲೆ ಎರಡನ್ನೂ ಬೇರೆ ಮಾಡಬೇಕು. ಅವಸರಪಟ್ಟರೆ ಹಸಿ ಅಂಟು ಸೊಟ್ಟಗಾಗುತ್ತದೆ; ಬಲ ಹಾಕಿದರೆ ಅಚ್ಚಿಗೇ ಗೀರು ಬೀಳುತ್ತದೆ. ಪದ್ಮಾವತಿ ತೆಳ್ಳನೆಯ ಪ್ಲಾಸ್ಟಿಕ್ ಬೆಣೆಯನ್ನು ಅಂಚಿಗಿಟ್ಟು, ಬೆರಳಲ್ಲಿ ತುಸುವೇ ಒತ್ತಿ, ಕಿವಿಗೊಟ್ಟು ಕಾಯುತ್ತಿದ್ದಳು. ಒಳಗೆಲ್ಲೋ ಟಿಕ್ಕೆಂದ ಮೇಲೆಯೇ ಮುಂದಿನ ಒತ್ತು. ಹತ್ತೊಂಬತ್ತು ವರ್ಷಗಳಲ್ಲಿ ಅವಳ ಕೈಯಲ್ಲಿ ಕೆಟ್ಟ ಕನ್ನಡಿಗಳು ಎರಡು ಡಜನ್ ದಾಟಿರಲಿಲ್ಲ.

ಆ ಅಚ್ಚನ್ನು ಮಾಡಿದವರು ಸಣ್ಣಮಾದಯ್ಯನವರು. ಇಪ್ಪತ್ತೆರಡು ವರ್ಷಗಳ ಹಿಂದೆ, ನಲವತ್ತು ದಿನ ಒಂದೇ ಸ್ಟೂಲಿನ ಮೇಲೆ ಕೂತು ಉಜ್ಜಿ ತೆಗೆದದ್ದು. ಪದ್ಮಾವತಿಯ ಅಪ್ಪನೂ ಅವರೂ ಒಂದೇ ಬೀದಿಯಲ್ಲಿ ಬೆಳೆದವರು. ಅವಳಿಗೆ ಈ ಕೆಲಸ ಕೊಡಿಸಿದವರೂ ಅವರೇ. ಅವಳು ಅವರನ್ನು ದೊಡ್ಡಪ್ಪ ಎಂದೇ ಕರೆಯುವುದು. ಅವರು ನಿವೃತ್ತರಾದಾಗ ಹಳೆಯ ಯಜಮಾನರು ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಅಚ್ಚನ್ನು ಕೈಯಲ್ಲಿ ಹಿಡಿಸಿ ಫೋಟೋ ತೆಗೆಸಿದ್ದರು. ಆ ಫೋಟೋ ಆಫೀಸಿನ ಬಾಗಿಲ ಪಕ್ಕದಲ್ಲಿತ್ತು. ಹಳೆಯ ಯಜಮಾನರು ಹೋದ ಮೇಲೆ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಅವರ ಮಗ ವಾಗೀಶ, ಬಂದ ಅತಿಥಿಗಳನ್ನೆಲ್ಲ ಮೊದಲು ಅದರ ಮುಂದೆ ನಿಲ್ಲಿಸಿಯೇ ಒಳಗೆ ಕರೆದೊಯ್ಯುತ್ತಿದ್ದ.

ಗಾಜಿಗೂ ಆಯಸ್ಸು ಇರುತ್ತದಲ್ಲ. ಸಾವಿರಗಟ್ಟಲೆ ಕನ್ನಡಿಗಳನ್ನು ಹೆತ್ತ ಅಚ್ಚಿನ ಮೈ ಮೇಲೆ ಸಣ್ಣ ಸಣ್ಣ ಗೀರುಗಳು ಎದ್ದವು. ಕಳೆದ ಆಷಾಢದಲ್ಲಿ ವಾಗೀಶ ಹೊಸ ಅಚ್ಚು ಬರೆದು ತರಿಸಿದ. ಈ ಸಲದ್ದು ಕೈಯಿಂದ ಉಜ್ಜಿದ್ದಲ್ಲ. ಕಂಪ್ಯೂಟರ್ ನಡೆಸುವ ಯಂತ್ರ ಕಡೆದು ನಯ ಮಾಡಿದ್ದು. ಜೊತೆಗೇ ಒಂದು ಸರ್ಟಿಫಿಕೇಟ್. ನಕ್ಷೆಯ ಪ್ರಕಾರ ಕನ್ನಡಿ ಬೆಳಕನ್ನು ಕೂಡಿಸಬೇಕಾದ ದೂರ ಮುನ್ನೂರು ಮಿಲಿಮೀಟರ್. ಹೊಸ ಅಚ್ಚಿನದು ಮುನ್ನೂರು ಅಂದರೆ ಮುನ್ನೂರೇ, ಕೂದಲೆಳೆಯಷ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ. ಇಂಜಿನಿಯರ್ ಸಿದ್ದೇಶ್ ಆ ಕಾಗದವನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡ. ಕಾರ್ಖಾನೆಗೆ ಸೇರಿ ಎರಡು ವರ್ಷವಾಗಿದ್ದ ಹುಡುಗ. ಓದಿಕೊಂಡವನು, ಕೆಲಸದಲ್ಲಿ ಸೋಮಾರಿತನವಿಲ್ಲದವನು. ಹಳೆಯ ಅಚ್ಚು ಬಟ್ಟೆ ಸುತ್ತಿಸಿಕೊಂಡು ಬೀರು ಸೇರಿತು.

ಹೊಸ ಅಚ್ಚಿನಿಂದ ಪದ್ಮಾವತಿ ಇನ್ನೂರು ಕನ್ನಡಿ ಬಿಡಿಸಿ ಕೊಟ್ಟಳು. ಒಂದಕ್ಕೂ ಗೀರಿಲ್ಲ. ಪುಣೆಯ ಯಂತ್ರದ ಕಂಪನಿಗೆ ಹೋದ ಆ ಇನ್ನೂರೂ ಮೂರನೇ ವಾರಕ್ಕೆ ಹಿಂದಕ್ಕೆ ಬಂದವು. ಬೆಳಕು ಚುಕ್ಕೆಯಾಗುತ್ತಿಲ್ಲ, ಹರಡಿಕೊಳ್ಳುತ್ತಿದೆ, ಇಷ್ಟು ವರ್ಷ ಇಲ್ಲದ್ದು ಈಗ ಏನಾಯಿತು ಎಂದು ಕೇಳಿದ್ದರು.

ವಾಗೀಶ, ಸಿದ್ದೇಶ್ ಇಬ್ಬರೂ ಎರಡು ದಿನ ತಲೆ ಕೆಡಿಸಿಕೊಂಡರು. ಕನ್ನಡಿಯ ಮೈ ನಯವಾಗಿದೆಯೇ ಎಂದು ನೋಡುವ ಉಪಕರಣ ಕಾರ್ಖಾನೆಯಲ್ಲಿತ್ತು. ಅದರಲ್ಲಿ ಎಲ್ಲವೂ ಚೊಕ್ಕ. ಬಾಗನ್ನು ಅಳೆದುಕೊಡುವ ಲ್ಯಾಬು ಬೆಂಗಳೂರಿನಲ್ಲಿತ್ತು. ಅಲ್ಲಿ ಎರಡು ತಿಂಗಳ ಸರದಿ. ಮೂರನೇ ದಿನ ಸಿದ್ದೇಶ್ ಒಳಕೋಣೆಗೆ ಬಂದ.

"ಪದ್ಮಕ್ಕ, ಬೇಜಾರ್ ಮಾಡ್ಕೋಬೇಡಿ. ಅಚ್ಚು ಸರಿ ಇದೆ, ಸರ್ಟಿಫಿಕೇಟೇ ಇದೆ. ಅವ್ರ ಮಷೀನ್ ಬದಲಾಗಿಲ್ಲ. ಅಚ್ಚಿಗೂ ಮಷೀನಿಗೂ ಮಧ್ಯ ಇರೋದು ಬಿಡಿಸೋ ಕೆಲಸ ಒಂದೇ."

"ಅಂದ್ರೆ ನನ್ ಕೈ ಅಂತೀರಾ ಸಾರ್?"

"ಕೈ ಅಂತಲ್ಲ. ಬಿಡಿಸೋವಾಗ ಕನ್ನಡಿ ಒಂಚೂರು ಬಗ್ಗಿರಬಹುದು. ಹೊಸ ಅಚ್ಚಿನ ನಯ ಜಾಸ್ತಿ, ಹಿಡಿತ ಬೇರೆ ಇರತ್ತೆ. ಕೈಯಿಂದ ಬಿಡಿಸೋದೇ ಬೇಡ ಅಂತ, ಹಿಡಿದು ಬಿಡಿಸೋ ಸಾಧನ, ಒಂದು ಫಿಕ್ಸ್‌ಚರ್ ಮಾಡಿಸ್ತಿದ್ದೀನಿ. ಅಲ್ಲೀವರೆಗೂ ನೀವು ಪ್ಯಾಕಿಂಗ್ ನೋಡ್ಕೊಳಿ."

ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಸಿದ್ದೇಶ್ ಮೆತ್ತಗೆ ಹೇಳಿದ್ದ. ಪದ್ಮಾವತಿ ಕೈಗವಸು ಬಿಚ್ಚಿ ಮಡಿಸಿಟ್ಟು ಹೊರಗೆ ಬಂದಳು. ಬರುವಾಗ ತನ್ನ ಬೆರಳುಗಳನ್ನು ತಾನೇ ನೋಡಿಕೊಂಡಳು. ನಲವತ್ತೈದಾಯಿತು. ನಿಜಕ್ಕೂ ಈ ಬೆರಳಿಗೆ ಮೊದಲಿನ ಹದ ತಪ್ಪಿರಬಹುದೇ? ಟಿಕ್ಕೆನ್ನುವ ಮೊದಲೇ ಒತ್ತಿರಬಹುದೇ? ಇನ್ನೂರಕ್ಕೆ ಇನ್ನೂರೂ? ಮನೆಗೆ ಹೋಗಿ ಚಪಾತಿ ಲಟ್ಟಿಸುವಾಗಲೂ ಅದೇ ಯೋಚನೆ. ಹೀಗೇ ಐದು ವಾರ ಹೋಯಿತು.

ಪ್ಯಾಕಿಂಗ್ ವಿಭಾಗದಲ್ಲಿದ್ದವಳು ಮಂಗಳಮ್ಮ. ಪದ್ಮಾವತಿಗಿಂತ ಎರಡು ವರ್ಷಕ್ಕೆ ದೊಡ್ಡವಳು, ಬಾಯಿ ಜೋರು. ಹಿಂದಕ್ಕೆ ಬಂದ ಕನ್ನಡಿಗಳನ್ನು ಒರೆಸಿ ಎಣಿಸಿಡುವ ಕೆಲಸ ಇಬ್ಬರ ಪಾಲಿಗೂ ಬಿದ್ದಿತ್ತು. ಪುಷ್ಯ ಮಾಸದ ಒಂದು ಬೆಳಗ್ಗೆ, ಹನ್ನೊಂದರ ಹೊತ್ತಿಗೆ, ಕಿಟಕಿಯ ಪಕ್ಕ ಕೂತಿದ್ದ ಮಂಗಳಮ್ಮ ಮೂಗು ಅರಳಿಸಿದಳು.

"ಏನೋ ಸೀದ ವಾಸ್ನೆ ಕಣೇ ಪದ್ಮ."

ಕಿಟಕಿಯ ಕಟ್ಟೆಯ ಮೇಲೆ ಒಂದು ಕನ್ನಡಿ ಮೊಗ ಮೇಲಾಗಿ ವಾಲಿಕೊಂಡಿತ್ತು. ಬಿಸಿಲು ಅದರೊಳಕ್ಕೆ ಬಿದ್ದು, ಎದುರಿಗಿದ್ದ ರಟ್ಟಿನ ಡಬ್ಬದ ಮೇಲೆ ಬಟಾಣಿ ಗಾತ್ರದ ಬೆಳಕಾಗಿ ಕೂತಿತ್ತು. ಅಲ್ಲಿಂದ ಸಣ್ಣಗೆ ಹೊಗೆ. ಮಂಗಳಮ್ಮ "ಅಯ್ಯೋ ಇವ್ನ ಮನೆ ಕಾಯೋಗ" ಎಂದು ಕೈಗೆ ಸಿಕ್ಕ ಬಟ್ಟೆಯಿಂದ ಡಬ್ಬವನ್ನು ಬಡಿದಳು. ಪದ್ಮಾವತಿ ಅಲುಗಾಡಲಿಲ್ಲ. ಆ ಕಪ್ಪು ಚುಕ್ಕೆಯನ್ನೇ ನೋಡುತ್ತ ನಿಂತಳು. ಬೆಳಕು ಎಲ್ಲಿ ಕೂಡುತ್ತದೆಂದು ನೋಡಲು ಬೆಂಗಳೂರಿಗೇ ಯಾಕೆ ಹೋಗಬೇಕು?

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಹಿಂದಕ್ಕೆ ಬಂದ ಕನ್ನಡಿಗಳಲ್ಲಿ ಮೂರನ್ನು ಎತ್ತಿಕೊಂಡಳು. ಗುಜರಿ ಡಬ್ಬದಲ್ಲಿ ಹಳೆಯ ಅಚ್ಚಿನ ಕಾಲದ, ಅಂಚು ಮುಕ್ಕಾದ ಎರಡು ಕನ್ನಡಿಗಳಿದ್ದವು; ಅವನ್ನೂ ತೆಗೆದುಕೊಂಡಳು. ಉಕ್ಕಿನ ಸ್ಕೇಲು, ಒಂದು ಹಳೆಯ ಮದುವೆ ಕಾಗದ. ಮಂಗಳಮ್ಮನನ್ನು ಕರೆದುಕೊಂಡು ತಾರಸಿಗೆ ಹತ್ತಿದಳು.

"ಏನೇ ಇದು, ಮಕ್ಕಳಾಟ? ಊಟಕ್ಕೆ ಅಂತ ಬುಟ್ಟಿರೋದು ಅರ್ಧ ಗಂಟೆ."

"ಒಸಿ ಹಿಡ್ಕೊ ಅಕ್ಕ. ಕಾಗ್ದ ಅಲುಗಾಡಿಸ್ಬ್ಯಾಡ."

ಮೊದಲು ಹೊಸದು. ಕನ್ನಡಿಯನ್ನು ಬಿಸಿಲಿಗೆ ಒಡ್ಡಿ, ಕಾಗದವನ್ನು ಹಿಂದೆ ಮುಂದೆ ಸರಿಸಿ, ಬೆಳಕು ಸಣ್ಣ ಚುಕ್ಕೆಯಾದ ಕಡೆ ನಿಲ್ಲಿಸಿದಳು. ಮದುವೆ ಕಾಗದದ ಮೇಲಿನ ಗಣೇಶನ ಪಕ್ಕ ಒಂದು ತೂತು ಬಿತ್ತು. ಸ್ಕೇಲಿಟ್ಟಳು. ಮುನ್ನೂರು. ಎರಡನೆಯದು ಮುನ್ನೂರು. ಮೂರನೆಯದೂ ಅಷ್ಟೇ. ಪದ್ಮಾವತಿಗೆ ಕಣ್ಣು ತುಂಬಿ ಬಂತು. ಸ್ಕೇಲಿನ ಅಂಕಿ ಮಸುಕಾಯಿತು. ಕನ್ನಡಿ ಬಗ್ಗಿಲ್ಲ. ತನ್ನ ಕೈ ಅಚ್ಚು ಕೊಟ್ಟದ್ದನ್ನೇ ಹಾಗೇ ಕೊಟ್ಟಿದೆ.

"ಈಗ ಹಳೇದು," ಎಂದಳು. ಹಳೆಯ ಕನ್ನಡಿಯ ಚುಕ್ಕೆ ಮುನ್ನೂರಕ್ಕೆ ಬರಲೇ ಇಲ್ಲ. ಇನ್ನೂರ ತೊಂಬತ್ತನಾಲ್ಕಕ್ಕೇ ಕೂಡಿಬಿಟ್ಟಿತು. ಇನ್ನೊಂದು ಹಳೆಯದನ್ನು ಹಿಡಿದಳು. ಇನ್ನೂರ ತೊಂಬತ್ತನಾಲ್ಕು. ತಿರುಗಿಸಿ ಹಿಡಿದಳು, ಮಂಗಳಮ್ಮನ ಕೈಯಲ್ಲಿ ಹಿಡಿಸಿ ತಾನು ಅಳೆದಳು. ಆರು ಮಿಲಿಮೀಟರ್, ಪ್ರತಿ ಸಲವೂ.

"ಅಂಗಂದ್ರೇನೇ?" ಮಂಗಳಮ್ಮ ಕೇಳಿದಳು.

ಪದ್ಮಾವತಿ ಕನ್ನಡಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತತೊಡಗಿದಳು. ಅರ್ಥ ಅವಳಿಗಾಗಿತ್ತು. ಹೊಸ ಅಚ್ಚು ಸರಿ, ಅವಳ ಕೈ ಸರಿ. ತಪ್ಪಿದ್ದದ್ದು ಇಪ್ಪತ್ತೆರಡು ವರ್ಷದಿಂದ. ಪುಣೆಯವರು ಮೊದಲ ಕನ್ನಡಿ ಬಂದಾಗಲೇ ಚುಕ್ಕೆ ಎಲ್ಲಿ ಕೂಡಿತೋ ಅಲ್ಲಿಗೆ ಹೊಂದುವಂತೆ ತಮ್ಮ ಯಂತ್ರದಲ್ಲಿ ಕನ್ನಡಿ ಕೂರುವ ಗೂಡನ್ನು ಸರಿಸಿಕೊಂಡು, ಆಮೇಲೆ ಅದನ್ನೇ ಎಲ್ಲ ಯಂತ್ರಕ್ಕೂ ಮಾಡಿಕೊಂಡು ಬಂದಿರಬೇಕು. ನಕ್ಷೆಯ ಅಂಕಿ ಕಾಗದದಲ್ಲೇ ಉಳಿದಿತ್ತು.

ಕೆಳಗೆ ಇಳಿದು ಬರುವಾಗ ಬಾಗಿಲ ಪಕ್ಕ ಪೇಟ ತೊಟ್ಟ ದೊಡ್ಡಪ್ಪ ನಗುತ್ತಿದ್ದರು. ಸಿದ್ದೇಶನಿಗೆ ಹೇಳಬೇಕೆಂದು ಹೊರಟವಳು ಪ್ಯಾಕಿಂಗಿಗೇ ವಾಪಸು ಹೋದಳು. ಮಂಗಳಮ್ಮನಿಗೂ, ಯಾರಿಗೂ ಹೇಳಬೇಡ ಎಂದಳು.

ಭಾನುವಾರ ಸಿಟಿ ಬಸ್ಸು ಹತ್ತಿ ಶ್ರೀರಾಂಪುರಕ್ಕೆ ಹೋದಳು. ಸಣ್ಣಮಾದಯ್ಯನವರ ಮನೆ ಬಡಾವಣೆಯ ಕೊನೆಯಲ್ಲಿತ್ತು. ಗಂಡ ಹೆಂಡತಿ ನಡುಮನೆಯಲ್ಲಿ ಬುದ್ಧನ ಪಟದ ಕೆಳಗೆ ಕೂತು, ನೆನೆಸಿದ ಅವರೆಕಾಳಿನ ಸಿಪ್ಪೆ ಹಿದುಕುತ್ತಿದ್ದರು. ಹೆಂಡತಿ ತಿಮ್ಮಮ್ಮ, "ಬಾ ಕಣವ್ವ, ಸರ್ಯಾದ್ ಹೊತ್ಗೆ ಬಂದೆ, ಹಿದುಕ್ಬೇಳೆ ಸಾರು ಉಂಡ್ಕೊಂಡೇ ಹೋಗು," ಎಂದು ಅವಳ ಮುಂದೆಯೂ ಒಂದು ತಟ್ಟೆ ತಳ್ಳಿದರು. ಪದ್ಮಾವತಿ ಕೂತು ಹಿದುಕತೊಡಗಿದಳು. ಆ ಮಾತು ಈ ಮಾತು ಆಯಿತು. ತಿಮ್ಮಮ್ಮ ಒಲೆಯ ಮೇಲಿನ ಪಾತ್ರೆ ನೋಡಲು ಎದ್ದಾಗ ಅವಳು ದನಿ ತಗ್ಗಿಸಿದಳು.

"ದೊಡ್ಡಪ್ಪ, ಒಂದ್ ಮಾತ್ ಕೇಳ್ತೀನಿ, ಕ್ವಾಪ ಮಾಡ್ಕೋಬ್ಯಾಡಿ. ನಮ್ ಹಳೇ ಅಚ್ಚು ಮುನ್ನೂರಲ್ಲ, ಅಲ್ವಾ?"

ಅವರ ಬೆರಳು ನಿಲ್ಲಲಿಲ್ಲ. ನಾಲ್ಕೈದು ಕಾಳು ಹಿದುಕಿದರು.

"ಯಾರಂದ್ರು?"

"ಬಿಸ್ಲಿಗೆ ಹಿಡ್ದು ನೋಡ್ದೆ."

"ಸ್ಕೇಲ್ ನೆಟ್ಟಗಿಟ್ಟಿದ್ದಾ?"

"ಮೂರ್ ಸಲ ಇಟ್ಟೆ. ತೊಂಬತ್ನಾಲ್ಕು." ಆಮೇಲೆ ತನ್ನನ್ನು ಒಳಕೋಣೆಯಿಂದ ತೆಗೆದದ್ದು, ಪ್ಯಾಕಿಂಗು, ಫಿಕ್ಸ್‌ಚರು, ಎಲ್ಲವನ್ನೂ ಹೇಳಿದಳು.

ಸಣ್ಣಮಾದಯ್ಯನವರು ಕೈ ಒರೆಸಿಕೊಂಡರು. "ನಾನ್ ಮಾಡಿದ್ ಅಚ್ಚಿಗೆ ನೀನ್ ಸ್ಕೇಲ್ ಹಿಡ್ಯೋ ಮಟ್ಟಕ್ ಬಂದ್ಬುಟ್ಟಾ," ಎಂದು ಎದ್ದು ರೂಮಿಗೆ ಹೋಗಿ ಬಾಗಿಲು ಎಳೆದುಕೊಂಡರು. ಊಟಕ್ಕೆ ಕರೆದರೂ ಬರಲಿಲ್ಲ. ತಿಮ್ಮಮ್ಮನಿಗೆ ಏನೂ ಗೊತ್ತಾಗಲಿಲ್ಲ. ಪದ್ಮಾವತಿ ಎರಡು ತುತ್ತು ಉಂಡ ಶಾಸ್ತ್ರ ಮಾಡಿ ಎದ್ದಳು. ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆಮೇಲೆ ಸಿಟ್ಟು ಬಂದದ್ದಕ್ಕೆ ಸಂಕಟವಾಯಿತು. ಈ ಕೆಲಸ, ಹಿನಕಲ್ಲಿನ ಮನೆ, ಮಗಳು ಸಿಂಚನಳ ಓದು ಎಲ್ಲವೂ ಆ ಮನುಷ್ಯ ಹಿಡಿದು ಕರೆತಂದ ದಾರಿಯಲ್ಲೇ ಬಂದದ್ದು.

ಸೋಮವಾರ, ಮಂಗಳವಾರ ಸುಮ್ಮನಿದ್ದಳು. ಬುಧವಾರ ಸಿದ್ದೇಶ್ ಪುಣೆಗೆ ಕಳಿಸುವ ಪತ್ರದ ಕರಡನ್ನು ವಾಗೀಶನಿಗೆ ಓದಿ ಹೇಳುತ್ತಿದ್ದದ್ದು ಆಫೀಸಿನ ಬಾಗಿಲಲ್ಲಿ ಡಬ್ಬ ಹಿಡಿದು ನಿಂತಿದ್ದ ಅವಳ ಕಿವಿಗೆ ಬಿತ್ತು. ಇಂಗ್ಲಿಷಿನ ಪತ್ರ. ಎಲ್ಲ ತಿಳಿಯದಿದ್ದರೂ 'ಆಪರೇಟರ್ ಎರರ್' ಎನ್ನುವುದು ತಿಳಿಯಿತು. ಆಪರೇಟರ್ ಎಂದರೆ ಯಾರು ಎನ್ನುವುದೂ ತಿಳಿಯಿತು.

ಅವಳು ಡಬ್ಬ ಕೆಳಗಿಟ್ಟು ಒಳಗೆ ಹೋದಳು. "ಸಾರ್, ಆ ಕಾಗ್ದ ಕಳಿಸ್ಬ್ಯಾಡಿ. ಒಂದು ಹತ್ನಿಮಿಷ ತಾರಸಿಗೆ ಬನ್ನಿ."

ಸಿದ್ದೇಶ್ ಬಂದ. ಮದುವೆ ಕಾಗದದಲ್ಲಿ ಮತ್ತೆ ತೂತುಗಳು ಬಿದ್ದವು. ಅವನು ಮೊದಲು ಸ್ಕೇಲನ್ನು ಅನುಮಾನಿಸಿದ, ಆಮೇಲೆ ತನ್ನ ಕಣ್ಣನ್ನು. ಆಮೇಲೆ ಕೆಳಗೆ ಓಡಿ, ಬೀರುವಿನಿಂದ ಹಳೆಯ ಅಚ್ಚು ತೆಗೆಸಿ, ಅದರ ಉಬ್ಬಿನ ಎತ್ತರವನ್ನು ಅಳೆದು ಲೆಕ್ಕ ಹಾಕಿದ. ಅರ್ಧ ಗಂಟೆಯ ನಂತರ ತಲೆ ಎತ್ತಿದಾಗ ಅವನ ಮುಖ ಸಣ್ಣದಾಗಿತ್ತು.

"ಸಾರ್, ಹಳೇ ಅಚ್ಚೇ ತಪ್ಪು. ಮೊದಲಿಂದಾನೂ."

ವಾಗೀಶ ಒಪ್ಪಲಿಲ್ಲ. "ಸಣ್ಣಮಾದಯ್ಯನವ್ರ ಅಚ್ಚಾ? ಸಾಧ್ಯನೇ ಇಲ್ಲ. ಇಷ್ಟು ವರ್ಷದಲ್ಲಿ ಗಾಜೇ ಸವೆದಿರ್ಬೇಕು."

"ಆರು ಮಿಲಿಮೀಟರ್ ಬದಲಾಗೋಷ್ಟು ಗಾಜು ಸವೆಯಲ್ಲ ಸಾರ್."

ಇಬ್ಬರೂ ಅವಳ ಕಡೆ ನೋಡಿದರು. ಪದ್ಮಾವತಿ ನೆಲ ನೋಡಿದಳು. ಸಂಜೆ ಬಸ್ ಸ್ಟಾಪಿನಲ್ಲಿ ನಿಂತು ಫೋನ್ ಮಾಡಿದಳು. "ದೊಡ್ಡಪ್ಪ, ನಾನು ತೋರಿಸ್ಬುಟ್ಟೆ. ನಿಮ್ ಹೆಸರೆತ್ತಿಲ್ಲ. ಆದ್ರೂ ಗೊತ್ತಾಯ್ತದೆ." ಅವರು "ಆಯ್ತು," ಎಂದು ಫೋನ್ ಇಟ್ಟರು.

ಮಾರನೆಯ ಬೆಳಗ್ಗೆ ಹತ್ತಕ್ಕೆ ಗೇಟಿನಲ್ಲಿ ಸಣ್ಣಮಾದಯ್ಯನವರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಬರೀ ಛತ್ರಿ. ಎರಡು ಬಸ್ಸು ಬದಲಿಸಿ ಬಂದಿದ್ದರು. ವಾಗೀಶ ಓಡಿ ಬಂದು ಕೈ ಹಿಡಿದು ಕೂರಿಸಿದ. ಕಾಫಿ ತರಿಸಲು ಹೊರಟವನನ್ನು ಅವರು ತಡೆದರು.

"ಕಾಪಿ ಆಮೇಲಾಗ್ಲಿ ಸಾರ್. ಪದ್ಮನ್ನೂ ಕರೀರಿ, ಇಂಜಿನೇರ್ ಸಾಹೇಬ್ರನ್ನೂ ಕರೀರಿ."

ನಿಂತುಕೊಂಡೇ ಹೇಳಿದರು. ಆಗ ಗಾಜಿಗೆ ಬಾಗು ಬರುವಂತೆ ಉಜ್ಜುವುದಕ್ಕೆ ಎರಡು ಕಬ್ಬಿಣದ ತಟ್ಟೆಗಳಿದ್ದವು, ನೋಡಲು ಒಂದೇ ತರ. ಒಂದು ಈ ಆರ್ಡರಿನದು, ಇನ್ನೊಂದು ಬೇರೆಯದು. ಹಿಂಬದಿಯ ಗುರುತು ಸವೆದಿತ್ತು. ಅವರು ತಪ್ಪು ತಟ್ಟೆ ಎತ್ತಿಕೊಂಡರು. ನಲವತ್ತು ದಿನ ಅದರಲ್ಲೇ ಉಜ್ಜಿದರು. ಮೊದಲ ಕನ್ನಡಿ ಬಿಡಿಸಿ ಕೈಗೆ ಕೊಟ್ಟ ದಿನ ಇದೇ ತಾರಸಿಗೆ ಒಯ್ದು ಬಿಸಿಲಿಗೆ ಹಿಡಿದಾಗ ಗೊತ್ತಾಯಿತು.

"ಪರದೇಶದಿಂದ ತರ್ಸಿದ್ ಗಾಜು, ಇದ್ದುದ್ದು ಒಂದೇ. ನಿಮ್ಮಪ್ಪಾಜಿ ಕೇಳಿದ್ರು, ಎಂಗದೆ ಮಾದಯ್ಯ ಅಂತ. ಸರಿಯಾಗದೆ ಅಂದೆ. ಅಷ್ಟೇ. ಆ ಒಂದ್ ಮಾತು."

"ಆಗ್ಲೇ ಹೇಳಿದ್ರೆ ಅಪ್ಪ ಏನೂ ಅಂತಿರ್ಲಿಲ್ಲ," ವಾಗೀಶ ಮೆಲ್ಲಗೆ ಅಂದ.

"ಅಂತಿರ್ಲಿಲ್ಲವೇನೋ. ಒಳ್ಳೇ ಮನ್ಸ. ಆದ್ರೆ ಗಾಜ್ ಉಜ್ಜೋ ಆ ಸ್ಟೂಲ್ ಮೇಲೆ ಕೂತ ನಮ್ ಬೀದಿಯೋನು ನಾನೇ ಮೊದ್ಲು ಸಾರ್. ಅಲ್ಲೀಗಂಟ ನಮ್ಮೋರು ಇಲ್ಲಿ ಗುಡಿಸ್ತಿದ್ರು, ಲೋಡ್ ಎತ್ತಾಕ್ತಿದ್ರು. ನಾನ್ ತಪ್ ಮಾಡ್ದೆ ಅಂದ್ರೆ ಮಾದಯ್ಯ ತಪ್ ಮಾಡ್ದ ಅಂತ ಯಾರೂ ಅಂತಿರ್ಲಿಲ್ಲ. ಇವರ್ ಕೈಲಿ ಇದೆಲ್ಲಾ ಆಗಕಿಲ್ಲ ಅಂತಿದ್ರು. ಬಾಯ್ ಮುಚ್ಕೊಂಡೆ. ಪುಣೆಯೋರು ಬಾಳ ಚೆನ್ನಾಗದೆ ಅಂತ ಬರುದ್ರು. ಅದು ಇನ್ನೂ ಕಷ್ಟ ಆಯ್ತು."

ಅವರು ಬಾಗಿಲ ಕಡೆ ಕೈ ಮಾಡಿದರು. "ಆ ಪೋಟೋ ಇಳಿಸ್ಬುಡಿ."

ವಾಗೀಶ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕೂತ. "ಅದನ್ನ ಹಾಕ್ಸಿದ್ದು ಅಪ್ಪ. ಇಳಿಸೋದು ಬಿಡೋದು ನಾನು ಯೋಚ್ನೆ ಮಾಡ್ಬೇಕು," ಎಂದ. ಕೋಪವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ ಆ ದನಿಯಲ್ಲಿ. ಸಿದ್ದೇಶ್ ಮಾತ್ರ ಒಂದು ಪ್ರಶ್ನೆ ಕೇಳಿದ: "ಹಾಗಾದ್ರೆ ಈಗ ಯಾವ್ದು ಸರಿ ಸಾರ್? ನಕ್ಷೇದಾ, ಮಷೀನಿಂದಾ?" ಕೊನೆಗೆ ಪುಣೆಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುವುದೆಂದಾಯಿತು.

ಪದ್ಮಾವತಿ ಅವರನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದಳು. ಆಟೋ ಬೇಡವೆಂದರು. ಬಿಸಿಲಿತ್ತು, ಛತ್ರಿಯನ್ನು ಅವಳ ಕಡೆಗೂ ವಾಲಿಸಿಕೊಂಡು ನಡೆದರು. ಅರ್ಧ ದಾರಿಯಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ಇಪ್ಪತ್ತೆರಡು ವರ್ಷ ನೀವ್ ಸುಮ್ಕಿದ್ದುದ್ದು ನಂಗೆ ಅರ್ಥಾಯ್ತದೆ ದೊಡ್ಡಪ್ಪ. ಆದ್ರೆ ಭಾನುವಾರ, ತಪ್ಪು ನನ್ ಕೈ ಮೇಲೆ ಬಂದದೆ ಅಂತ ನಿಮ್ ಮುಂದೇನೇ ಹೇಳ್ದೆ. ಆಮೇಲೂ ಬಾಗ್ಲು ಹಾಕ್ಕೊಂಡ್ರಲ್ಲ."

ಅವರು ನಿಂತರು. "ಹೂಂ ಕಣವ್ವ. ಹಾಕ್ಕೊಂಡೆ. ನೀನು ಹೇಳ್ದೇ ಇರ್ತೀಯ ಅಂತ ಒಂದ್ ಮನಸ್ನಲ್ಲಿ ಆಸೆ ಇತ್ತು. ಅದ್ ಮೊದುಲ್ನೇ ತಪ್ಗಿಂತ ದೊಡ್ ತಪ್ಪು." ಮತ್ತೆ ನಡೆದರು. ಅವಳು ಪರವಾಗಿಲ್ಲ ಬಿಡಿ ಎನ್ನಬಹುದಿತ್ತು, ಅನ್ನಲಿಲ್ಲ. ಬಸ್ಸು ಬಂದಾಗ ಮಾತ್ರ ಕೈ ಹಿಡಿದು ಹತ್ತಿಸಿದಳು.

ಹತ್ತು ದಿನದ ಮೇಲೆ ಪುಣೆಯಿಂದ ಉತ್ತರ ಬಂತು. ಅವರ ಹಳೆಯ ಕಡತದಲ್ಲೂ ಒಂದು ಟಿಪ್ಪಣಿ ಸಿಕ್ಕಿತ್ತಂತೆ: ಮೊದಲ ಯಂತ್ರ ಜೋಡಿಸಿದವನೊಬ್ಬ ಕನ್ನಡಿಯ ಗೂಡನ್ನು ಆರು ಮಿಲಿಮೀಟರ್ ಮುಂದಕ್ಕೆ ಸರಿಸಿದೆನೆಂದು ಬರೆದಿಟ್ಟಿದ್ದ, ಯಾಕೆಂದು ಅವನೂ ಕೇಳಿರಲಿಲ್ಲ, ಬೇರೆ ಯಾರೂ ಕೇಳಿರಲಿಲ್ಲ. ಈಗ ಊರೂರಿನ ಆಸ್ಪತ್ರೆಗಳಲ್ಲಿ ಆ ಗೂಡಿನ ಯಂತ್ರಗಳೇ ಇವೆ. ಅವನ್ನು ಬದಲಿಸುವ ಮಾತಿಲ್ಲ. ನಕ್ಷೆಯನ್ನೇ ತಿದ್ದಿದ್ದೇವೆ, ಇನ್ನು ಮುಂದೆ ಇನ್ನೂರ ತೊಂಬತ್ತನಾಲ್ಕೇ ಸರಿಯಾದ ಅಳತೆ, ಆ ಅಳತೆಗೆ ಅಚ್ಚು ಮಾಡಿಸಿಕೊಳ್ಳಿ ಎಂದಿದ್ದರು. ಸಿದ್ದೇಶ್ ಓದಿ ನಕ್ಕುಬಿಟ್ಟ. ವಾಗೀಶನೂ ನಕ್ಕ, ಬಹಳ ದಿನದ ಮೇಲೆ.

ಪದ್ಮಾವತಿಗೆ ನಾಳೆಯಿಂದ ಒಳಕೋಣೆಗೆ ಬರಬಹುದು ಎಂದು ಹೇಳಿ ಕಳಿಸಿದರು. ಅವಳು ಅವತ್ತೇ ಸಿದ್ದೇಶನ ಮೇಜಿನ ಮುಂದೆ ಹೋಗಿ ನಿಂತಳು.

"ಸಾರ್, ನನ್ನ ಪ್ಯಾಕಿಂಗಿಗೆ ಕಳಿಸಿದ್ ದಿನ ರಿಜಿಸ್ಟರಲ್ಲಿ ಬಿಡಿಸೋದ್ರಲ್ಲಿ ದೋಷ ಅಂತ ಬರ್ದಿದ್ದೀರಲ್ಲ, ಅದನ್ನ ಹೊಡೆದಾಕ್ಬೇಕು. ಬಿಡಿಸಿದ್ದು ಸರಿ ಇತ್ತು ಅಂತ ಬರೀಬೇಕು. ಸೈನೂ ಹಾಕ್ಬೇಕು."

ಸಿದ್ದೇಶ್ ಕೆಂಪಾದ. "ಎಲ್ರಿಗೂ ಗೊತ್ತಲ್ಲ ಪದ್ಮಕ್ಕ..."

"ಈಗಿರೋರ್ಗೆ ಗೊತ್ತು. ಇನ್ನಿಪ್ಪತ್ ವರ್ಷ ಆದ್ಮೇಲೆ ಓದೋರ್ಗೆ ಗೊತ್ತಿರಲ್ಲ."

ಅವನು ರಿಜಿಸ್ಟರ್ ತೆಗೆದು, ಹಳೆಯ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಕನ್ನಡದಲ್ಲೇ ಬರೆದ. ಸಹಿ ಹಾಕಿ, ತಾರೀಕು ಹಾಕಿ, ಅವಳ ಕಡೆ ತಿರುಗಿಸಿ ತೋರಿಸಿದ. "ನನ್ನಿಂದ ತಪ್ಪಾಯ್ತು," ಎಂದ. ಅವಳು ಎರಡು ಸಲ ಓದಿ, "ಆಯ್ತು ಸಾರ್," ಎಂದು ಬಂದಳು.

ಹೊಸ ಅಳತೆಯ ಅಚ್ಚು ಬರಲು ಯುಗಾದಿಯಾಯಿತು. ಅದು ಬಂದ ವಾರ ಪದ್ಮಾವತಿ ಶ್ರೀರಾಂಪುರಕ್ಕೆ ಹೋದಳು. ಅಷ್ಟು ದಿನ ಹೋಗಿರಲಿಲ್ಲ; ಫೋನಿನಲ್ಲಿ ತಿಮ್ಮಮ್ಮನ ಜೊತೆ ಮಾತ್ರ ಮಾತು. ಸಣ್ಣಮಾದಯ್ಯನವರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡಿದ್ದರು. ಪುಣೆಯವರು ನಕ್ಷೆ ತಿದ್ದಿದ ಸುದ್ದಿ ಹೇಳಿದಳು. ಅವರಿಗೆ ಖುಷಿಯಾಗಬಹುದೆಂದು ಅವಳಿಗೆ ಅನಿಸಿತ್ತು.

"ಕಾಗ್ದ ತಿದ್ಕೊಂಡ್ರೆ ಅವರ್ಗೆ ಸರಿಯಾಯ್ತು. ನಾನ್ ಸುಳ್ ಹೇಳಿದ್ದು ಎಲ್ಲೋದದು?" ಎಂದರು.

ತಿಮ್ಮಮ್ಮ ಒಳಗಿಂದಲೇ ದನಿ ಎತ್ತಿದರು: "ನೋಡವ್ವ, ದಿನಾ ಇದೇ ಆಗೋಗದೆ. ಮೊದ್ಲು ಹೇಳ್ದೆ ಕೊರಗ್ತಿದ್ರು, ಈಗ ಹೇಳ್ಬುಟ್ಟು ಕೊರಗ್ತಾವ್ರೆ. ಉಣ್ಣಕ್ ಮಾತ್ರ ಏನೂ ಕಮ್ಮಿ ಇಲ್ಲ ಬುಡು."

ಪದ್ಮಾವತಿಗೆ ನಗು ಬಂತು. ಅವರಿಗೂ ಮೀಸೆಯಡಿಯಲ್ಲಿ ನಗು ಬಂದು ಹೋಯಿತು. ಅವಳು ಜಗಲಿಯ ಅಂಚಿಗೆ ಕೂತಳು. ಎದುರಿನ ಸೈಟಿನಲ್ಲಿ ಮನೆ ಏಳುತ್ತಿತ್ತು. ಗಾರೆಯವನೊಬ್ಬ ಗೋಡೆಗೆ ಮಟ್ಟ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

"ಹೊಸಾ ಅಚ್ಚು ಎಂಗದೆ?" ಅವರು ತಟ್ಟನೆ ಕೇಳಿದರು.

"ಚೆನ್ನಾಗದೆ ದೊಡ್ಡಪ್ಪ."

"ಚೆನ್ನಾಗದೆ ಅಂದ್ರೆ ಏನ್ ಗೊತ್ತಾಯ್ತದೆ? ಅಂಚು ಎಂಗದೆ? ಮಷೀನ್ನೋವು ಅಂಚ್ನಲ್ಲಿ ಇಳ್ದಿರ್ತವೆ ಅಂತಾರೆ."

"ಒಂಚೂರು ಇಳಿದದೆ. ಬೆಣೆ ಇಟ್ರೆ ಜಾರ್ತದೆ."

"ಯಾವ್ ಕಡೆಯಿಂದ ಇಡ್ತಾಯಿದ್ದೀಯ?"

ಅವಳು ಪಕ್ಕದಲ್ಲಿದ್ದ ನೀರಿನ ಲೋಟದ ಮುಚ್ಚಳವನ್ನು ಎತ್ತಿಕೊಂಡು ತೋರಿಸಿದಳು. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅವಳ ಬೆರಳನ್ನು ಹಿಡಿದು ಒಂದಿಷ್ಟು ಕೆಳಕ್ಕೆ ಸರಿಸಿದರು. "ಇಲ್ಲಿಂದ ಹಾಕು. ಅವಸ್ರ ಬ್ಯಾಡ."

"ಇಲ್ಲಿಂದ ಹಾಕಿದ್ರೆ ಆ ಕಡೆ ಕಚ್ಕೊಳ್ತದೆ ದೊಡ್ಡಪ್ಪ. ನೀವು ಉಜ್ಜಿದ್ದೀರಿ, ಬಿಡ್ಸಿಲ್ಲ."

"ಅದೂ ದಿಟವೇ," ಎಂದು ಅವರು ಮುಚ್ಚಳವನ್ನು ಅವಳಿಂದ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡತೊಡಗಿದರು.